ಕೇಳಿ–ಹೇಳಿ: ಭಾಷಣ ಬಿಗಿಯುವ ಮಾಜಿ ಸೂಪರ್‌ಹೀರೋ

ಪ್ರಶ್ನೆ: 24 ಪುಟದ ಕಾಮಿಕ್ಸ್ ಬರೆಯುತ್ತಿದ್ದೇನೆ. ಸೊರಗಿದ ನಗರವೊಂದರಲ್ಲಿ ನಿವೃತ್ತ ಸೂಪರ್‌ಹೀರೋ ಒಬ್ಬ ವಿಶೇಷ ಶಕ್ತಿಯಿರುವ ಮೂವರು ಹದಿಹರೆಯದವರನ್ನು ಪಳಗಿಸುತ್ತಾನೆ. ಓದಿದವರೆಲ್ಲ ‘ಮುದುಕ ಬರೀ ಭಾಷಣ ಬಿಗಿಯುತ್ತಾನೆ’ ಅಂತಾರೆ. ಏನು ಮಾಡಲಿ?

ಉತ್ತರ: ಮಾತು ಕತ್ತರಿಸಿದರೆ ಸಾಲದು, ಮುದುಕನ ಕೈಗೆ ಕೆಲಸ ಕೊಡಿ. ನಗರದ ಕಷ್ಟವನ್ನೆಲ್ಲ ಹೇಳಲು ಹೋಗದೆ ಒಂದೇ ವಸ್ತುವಿಗೆ ಇಳಿಸಿ. ಕೆಟ್ಟು ನಿಂತ ನೀರಿನ ಪಂಪ್ ಅನ್ನೋಣ. ಲೋಹ ಬಗ್ಗಿಸಬಲ್ಲ ಹುಡುಗಿ ಅದರ ಮುಚ್ಚಳದ ತುಕ್ಕು ಹಿಡಿದ ನಟ್ಟನ್ನು ಒಂದೇ ಏಟಿಗೆ ತಿರುಗಿಸಲು ಹೋಗಿ ಬೋಲ್ಟನ್ನೇ ಮುರಿಯುತ್ತಾಳೆ. ಮುದುಕ ಬೈಯುವುದಿಲ್ಲ. ಪಕ್ಕದ ನಟ್ಟಿಗೆ ಎಣ್ಣೆ ಬಿಡುತ್ತಾನೆ, ಕಾಯುತ್ತಾನೆ, ಸ್ಪ್ಯಾನರಿನಿಂದ ಅದನ್ನು ಚೂರು ಬಿಚ್ಚಿ ಚೂರು ಬಿಗಿದು, ಮತ್ತೆ ಬಿಚ್ಚಿ ಸಡಿಲ ಮಾಡುತ್ತಾನೆ. ನಾಲ್ಕು ಚೌಕಟ್ಟು, ಒಂದೂ ಮಾತಿಲ್ಲ. ಶಕ್ತಿಯ ಹತೋಟಿ ಏನೆಂದು ಹುಡುಗಿಗೂ ಗೊತ್ತಾಯಿತು, ಓದುಗನಿಗೂ. ನಡುವೆ ಅವನ ಬೆರಳು ನಡುಗಿ ಸ್ಪ್ಯಾನರ್ ಜಾರಲಿ. ಯಾಕೆ ನಿವೃತ್ತನಾದ ಎನ್ನುವ ಹಿನ್ನೋಟದ ಪುಟಗಳು ಆಗ ಬೇಕಾಗುವುದಿಲ್ಲ. (ಹಳೆಯ ವೇಷ ಪೆಟ್ಟಿಗೆಯಲ್ಲಿ ಧೂಳು ತಿನ್ನುವ ಚಿತ್ರ ದಯವಿಟ್ಟು ಬೇಡ, ನೋಡಿ ನೋಡಿ ಸಾಕಾಗಿದೆ.)

ಇನ್ನು ಲೆಕ್ಕ. ಪುಟಕ್ಕೆ ಸುಮಾರು 5 ಚೌಕಟ್ಟೆಂದರೂ ನಿಮಗಿರುವುದು 120. ಅಷ್ಟರಲ್ಲಿ ಮೂವರೂ ಬದಲಾಗುವುದನ್ನು ತೋರಿಸಲು ಹೋದರೆ ಮೂವರೂ ಅರೆಬರೆ. ಒಬ್ಬಳು ಬದಲಾಗಲಿ, ಉಳಿದಿಬ್ಬರಿಗೆ ಒಂದೊಂದು ಹಟ ಸಾಕು. ಪ್ರತಿ ಶಕ್ತಿಗೂ ಎಷ್ಟು ದೂರ, ಎಷ್ಟು ಹೊತ್ತು, ಆಮೇಲೆ ಮೈಗೆ ಏನಾಗುತ್ತದೆ ಎಂದು ಮೊದಲೇ ಬರೆದಿಟ್ಟುಕೊಳ್ಳಿ. ಮಿತಿಯೇ ಇಲ್ಲದ ಶಕ್ತಿಗೆ ಗುರು ಯಾಕೆ ಬೇಕು?

ಅಚ್ಚಾದ ಪುಸ್ತಕದಲ್ಲಿ ಬೆಸ ಸಂಖ್ಯೆಯ ಪುಟ ಬಲಕ್ಕೆ ಬರುತ್ತದೆ. ಬೋಲ್ಟು ಮುರಿಯುವ ಚಿತ್ರ 9ನೇ ಪುಟದಲ್ಲಿದ್ದರೆ, 8 ಓದುವಾಗಲೇ ಪಕ್ಕದಲ್ಲಿ ಕಂಡುಬಿಡುತ್ತದೆ. ಅದನ್ನು 10ರ ಮೊದಲ ಚೌಕಟ್ಟಿಗೆ ತಳ್ಳಿ; 9ರ ಕೊನೆಗೆ ಅವಳ ಬಿಗಿದ ಮುಷ್ಟಿ ಇರಲಿ.

ಪ್ರಶ್ನೆ: ಮಾತಿನ ಗುಳ್ಳೆಗಳಲ್ಲಿ ಕನ್ನಡ ಹಿಡಿಸುತ್ತಿಲ್ಲ. ಅಕ್ಷರ ಚಿಕ್ಕದು ಮಾಡಬಹುದೇ?

ಉತ್ತರ: ಬೇಡ, ಒತ್ತಕ್ಷರ ಕಲಸಿಹೋಗುತ್ತದೆ. ಸಾಲುಗಳ ಅಂತರ ಕಡಿಮೆ ಮಾಡಿದರೂ ಕಷ್ಟವೇ: ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಗುಳ್ಳೆಗೆ 10–12 ಪದ ದಾಟದಂತೆ ನೋಡಿಕೊಳ್ಳಿ. ಕರಡು ಚಿತ್ರದಲ್ಲೇ ಮೊದಲು ಗುಳ್ಳೆ ಬರೆದು, ಉಳಿದ ಜಾಗದಲ್ಲಿ ಪಾತ್ರಗಳನ್ನು ನಿಲ್ಲಿಸಿ.