ಓದುಗರ ಪ್ರಶ್ನೆಗೆ ತಜ್ಞರ ಉತ್ತರ: ಕೊನೆಯ ಐದು ಮೀಟರ್ ಮಕ್ಕಳಿಗೆ ಬಿಡಿ

ಪ್ರಶ್ನೆ: ನಾವು ಧಾರವಾಡದ ಕಡೆಯವರು, ಒಂಬತ್ತು ವರ್ಷದಿಂದ ಪುಣೆಯ ಕೋಥ್ರೂಡ್‌ನಲ್ಲಿದ್ದೇವೆ. ಮಗಳಿಗೆ ಹನ್ನೊಂದು, ಮಗನಿಗೆ ಏಳು. ಭಾನುವಾರ ಬಂತೆಂದರೆ ಮಾಲ್, ಇಲ್ಲವೇ ಮೊಬೈಲ್. ಜರ್ಮನಿಯಲ್ಲಿರುವ ನನ್ನ ತಂಗಿಯ ಮನೆಯವರು ಜಿಯೋಕ್ಯಾಶಿಂಗ್ ಆಡುತ್ತಾರೆ. ಕಾಡಿನಲ್ಲಿ ಡಬ್ಬಿ ಹುಡುಕುವ ಅವರ ವಿಡಿಯೊ ನೋಡಿ ನಮ್ಮ ಮಕ್ಕಳೂ ಹಟ ಹಿಡಿದಿದ್ದಾರೆ. ನನ್ನದು ಆಂಡ್ರಾಯ್ಡ್ ಫೋನ್, ನಮ್ಮ ಮನೆಯವರದು ಐಫೋನ್. ಯಾವ ಆ್ಯಪ್ ಹಾಕಿಕೊಳ್ಳಬೇಕು? ಜಿಪಿಎಸ್ ಯಂತ್ರ ಬೇರೆ ಕೊಳ್ಳಬೇಕೇ?
— ಓದುಗರು, ಕೋಥ್ರೂಡ್

ಉತ್ತರ: ಯಂತ್ರ ಬೇಡ, ಇರುವ ಫೋನ್ ಸಾಕು. ಗಾರ್ಮಿನ್‌ನಂಥ ಕೈಯಂತ್ರಗಳು ಗಟ್ಟಿಮುಟ್ಟು, ಬ್ಯಾಟರಿಯೂ ಬಹಳ ಹೊತ್ತು ಬರುತ್ತದೆ. ಆದರೆ ಮಕ್ಕಳಿಗೆ ಈ ಆಟ ಹಿಡಿಸುತ್ತದೋ ಇಲ್ಲವೋ ಗೊತ್ತಾಗುವ ಮೊದಲೇ ಸಾವಿರಾರು ರೂಪಾಯಿ ಹಾಕಬೇಡಿ. ಬಯಲಿನಲ್ಲಿ ಒಳ್ಳೆಯ ಫೋನ್ ನಿಮ್ಮನ್ನು ಡಬ್ಬಿಯ ಐದು ಮೀಟರ್ ಸನಿಹಕ್ಕೆ ಒಯ್ಯುತ್ತದೆ.

ಈ ಆಟ ಹುಟ್ಟಿದ್ದೇ ಜಿಪಿಎಸ್ ನಿಖರವಾದ ಮೇಲೆ. ನಾಗರಿಕರಿಗೆ ಸಿಗುತ್ತಿದ್ದ ಜಿಪಿಎಸ್ ಸಂಕೇತವನ್ನು ಅಮೆರಿಕ ಬೇಕೆಂದೇ ಮಸುಕಾಗಿಸಿ ಇಟ್ಟಿತ್ತು. ನೂರು ಮೀಟರ್‌ವರೆಗೂ ಆಚೀಚೆ ಆಗಬಹುದಿತ್ತು. 2000ದ ಮೇ 2ರಂದು ಆ ಮಸುಕನ್ನು ತೆಗೆದರು. ಮರುದಿನವೇ ಡೇವ್ ಅಲ್ಮರ್ ಎಂಬವರು ಓರೆಗಾನ್ ರಾಜ್ಯದಲ್ಲಿ ಒಂದು ಬಕೆಟ್ ಬಚ್ಚಿಟ್ಟು, ಅದರ ಅಕ್ಷಾಂಶ ರೇಖಾಂಶ ಪ್ರಕಟಿಸಿ, ‘ಹುಡುಕಿ ನೋಡಿ’ ಎಂದರು. ಇವತ್ತು ಜಗತ್ತಿನಲ್ಲಿ ಇಂಥ ಡಬ್ಬಿಗಳು ಮೂವತ್ತು ಲಕ್ಷ ದಾಟಿವೆ. ಸಿಕ್ಕರೆ ಒಳಗಿನ ಪುಸ್ತಕದಲ್ಲಿ ಹೆಸರು ಬರೆದು, ಇದ್ದ ಜಾಗದಲ್ಲೇ ಇದ್ದ ಹಾಗೇ ಇಟ್ಟು ಬರಬೇಕು. ಆಟವೆಂದರೆ ಇಷ್ಟೇ.

ಜರ್ಮನಿಯಲ್ಲಿ ನಿಮ್ಮ ತಂಗಿಗೆ ಪ್ರತಿ ಓಣಿಗೊಂದು ಡಬ್ಬಿ ಸಿಗಬಹುದು. ನಮ್ಮಲ್ಲಿ ಅವು ವಿರಳ. ಆದ್ದರಿಂದ ಆ್ಯಪ್ ಹಾಕಿದ ತಕ್ಷಣ ಬೂಟು ಕಟ್ಟಬೇಡಿ. ಒಂದು ಸಂಜೆ ನಕ್ಷೆ ತೆರೆದು, ಪ್ರತಿ ಡಬ್ಬಿಯ ಕೆಳಗೆ ಹಿಂದಿನವರು ಬರೆದ ಟಿಪ್ಪಣಿ ಓದಿ. ಕೊನೆಯದಾಗಿ ಸಿಕ್ಕಿದ್ದು ಯಾವಾಗ? ಆಮೇಲೆ ಬಂದವರು ಸಾಲಾಗಿ ‘ಸಿಗಲಿಲ್ಲ’ ಎಂದು ಬರೆದಿದ್ದರೆ ಅದು ಮಳೆಗೆ ಕೊಚ್ಚಿಹೋಗಿರಬಹುದು. ಮಕ್ಕಳನ್ನು ಮೊದಲ ದಿನವೇ ಅಲ್ಲಿಗೆ ಕರೆದೊಯ್ದರೆ ಎರಡನೇ ದಿನ ಅವರು ಬರುವುದಿಲ್ಲ. ಕಷ್ಟಕ್ಕೂ ಹಾದಿಗೂ ಒಂದರಿಂದ ಐದರವರೆಗೆ ಅಂಕ ಕೊಟ್ಟಿರುತ್ತಾರೆ. ಎರಡೂ ಒಂದೂವರೆಯೊಳಗಿರಲಿ. ‘ಮೈಕ್ರೊ’ ಎಂದಿದ್ದರೆ ಹಳೆಯ ಫಿಲ್ಮ್ ರೋಲಿನ ಡಬ್ಬಿಯಷ್ಟೇ ದೊಡ್ಡದು, ಒಳಗೆ ಕಾಗದದ ಸುರುಳಿ ಬಿಟ್ಟರೆ ಏನೂ ಇರುವುದಿಲ್ಲ. ಏಳು ವರ್ಷದವನಿಗೆ ಊಟದ ಡಬ್ಬಿಯಷ್ಟಾದರೂ ದೊಡ್ಡದು ಬೇಕು.

ಇನ್ನು ಆ್ಯಪ್. ನಿಮ್ಮ ಫೋನಿಗೆ ಸಿ-ಜಿಯೋ ಹಾಕಿಕೊಳ್ಳಿ. ಉಚಿತ, ಮುಕ್ತ ತಂತ್ರಾಂಶ, ಜಾಹೀರಾತಿಲ್ಲ. ಡಬ್ಬಿಯ ವಿವರವನ್ನೂ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯನ್ನೂ ಮನೆಯ ವೈಫೈನಲ್ಲೇ ಇಳಿಸಿಕೊಳ್ಳಬಹುದು. ಇದು ದೊಡ್ಡ ಅನುಕೂಲ, ಏಕೆಂದರೆ ಜಿಪಿಎಸ್‌ಗೆ ಮೊಬೈಲ್ ನೆಟ್‌ವರ್ಕ್ ಬೇಕಿಲ್ಲ. ಸಿಂಹಗಡದ ಹಿಂದಿನ ಕಣಿವೆಯಲ್ಲಿ ಒಂದು ಕಡ್ಡಿ ಸಿಗ್ನಲ್ ಇಲ್ಲದಿದ್ದರೂ ಬಾಣ ದಾರಿ ತೋರಿಸುತ್ತದೆ. ಯಜಮಾನರ ಐಫೋನಿಗೆ ಸಿ-ಜಿಯೋ ಇಲ್ಲ. ಅವರಿಗೆ ಜಿಯೋಕ್ಯಾಶಿಂಗ್‌ನ ಅಧಿಕೃತ ಆ್ಯಪ್ ಆರಂಭಕ್ಕೆ ಸಾಕು. ಉಚಿತ ಖಾತೆಯಲ್ಲಿ ಸುಲಭದ ಡಬ್ಬಿಗಳಷ್ಟೇ ಅದರಲ್ಲಿ ಪೂರ್ತಿ ತೆರೆಯುತ್ತವೆ. ನಿಮಗೆ ಬೇಕಾದದ್ದೂ ಅವೇ. ದುಡ್ಡು ಕೊಟ್ಟು ಕೊಳ್ಳುವ ಕ್ಯಾಶ್ಲಿ ಐಫೋನಿನವರಿಗೆ ಬಹಳ ಅಚ್ಚುಮೆಚ್ಚು. ನಾಲ್ಕಾರು ಡಬ್ಬಿ ಕಂಡ ಮೇಲೆ ಅದನ್ನು ಯೋಚಿಸಿ. ಖಾತೆ ಮನೆಗೆ ಒಂದೇ ಸಾಕು, ಅದು ನಿಮ್ಮ ಹೆಸರಲ್ಲಿರಲಿ. ಬಳಕೆದಾರ ಹೆಸರಿನಲ್ಲಿ ಮಕ್ಕಳ ಹೆಸರು, ಶಾಲೆ, ಸೊಸೈಟಿ ಯಾವುದೂ ಬೇಡ.

ಮಕ್ಕಳನ್ನು ಮೊಬೈಲ್ ಬಿಡಿಸಲು ಹೊರಟು ಮತ್ತೆ ಮೊಬೈಲ್ ಕೈಗೆ ಕೊಟ್ಟ ಹಾಗಾಗುವುದಿಲ್ಲವೇ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಡಬ್ಬಿಯ ಹತ್ತಿರ ಹೋದಂತೆ ಬಾಣ ಗಿರ್ರನೆ ತಿರುಗತೊಡಗುತ್ತದೆ. ಆ್ಯಪ್ ಕೆಟ್ಟಿತೆಂದು ತಿಳಿಯಬೇಡಿ, ಫೋನಿನ ಅಳತೆ ಅಲ್ಲಿಗೆ ಮುಗಿಯಿತು ಅಷ್ಟೇ. ಆಗ ಫೋನ್ ಜೇಬಿಗೆ ಹಾಕಿ. ಅಲ್ಲಿಂದ ಮುಂದಿನದು ಕಣ್ಣಿನ ಕೆಲಸ. ಯಾವ ಕಲ್ಲು ತನ್ನಷ್ಟಕ್ಕೆ ತಾನೇ ಅಲ್ಲಿ ಕೂತಂತಿಲ್ಲ, ಯಾವ ಕಡ್ಡಿ ಅಡ್ಡ ಬಿದ್ದಿದೆ ಎನ್ನುವುದು ನಮಗಿಂತ ಬೇಗ ಮಕ್ಕಳಿಗೆ ಕಾಣುತ್ತದೆ. ನೆಲಕ್ಕೆ ಅವರೇ ಹತ್ತಿರ. ಡಬ್ಬಿ ನಿಮಗೆ ಮೊದಲು ಕಂಡರೂ ಕಾಣದವರ ಹಾಗೆ ಸುಮ್ಮನಿರಿ. ನನ್ನ ಮಗಳಿಗೆ ಮೊದಲ ಡಬ್ಬಿ ಸಿಕ್ಕಾಗ ಹತ್ತು ನಿಮಿಷ ನಾನು ಬೇರೆ ಕಡೆ ಮುಖ ಮಾಡಿ ನಿಂತಿದ್ದೆ. ಅವಳ ಆ ಕೂಗು ಇನ್ನೂ ಕಿವಿಯಲ್ಲಿದೆ.

ಮೊದಲ ಭಾನುವಾರ ಹೊರಗೆ ಹೋಗಲೇಬೇಡಿ. ಸೊಸೈಟಿಯ ತೋಟದಲ್ಲಿ ನೀವೇ ಒಂದು ಡಬ್ಬಿ ಇಟ್ಟು, ಸಿ-ಜಿಯೋದಲ್ಲಿ ಆ ಜಾಗವನ್ನು ಸ್ವಂತ ಗುರುತಾಗಿ ಸೇರಿಸಿ, ಮಕ್ಕಳಿಗೆ ಫೋನ್ ಕೊಡಿ. ಸುತ್ತ ಹನ್ನೆರಡು ಮಹಡಿಯ ಕಟ್ಟಡಗಳಿದ್ದರೆ ಸಂಕೇತ ಗೋಡೆಗೆ ಬಡಿದು ಬರುತ್ತದೆ, ಜಾಗ ಇಪ್ಪತ್ತು ಮೀಟರ್ ತಪ್ಪಲೂಬಹುದು. ಅದನ್ನೂ ಅವರು ಅಲ್ಲೇ ಕಲಿಯುತ್ತಾರೆ.

ಆಮೇಲೆ ಟೇಕಡಿಗಳು, ಎಂದರೆ ಪುಣೆಯ ಗುಡ್ಡಗಳು. ವೇತಾಳ ಟೇಕಡಿ, ತಳಜಾಯಿಗೆ ಬೆಳಿಗ್ಗೆ ಏಳರ ಹೊತ್ತಿಗೆ ಹೊರಡಿ. ಅಕ್ಟೋಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ. ಒಂದು ವಿಷಯದಲ್ಲಿ ಮಾತ್ರ ಸಡಿಲ ಬಿಡಬೇಡಿ: ಕಣ್ಣಿಗೆ ಕಾಣದ ಸಂದಿಯಲ್ಲಿ ಯಾರೂ ಕೈ ಹಾಕಬಾರದು. ನಮ್ಮ ಕಲ್ಲುನೆಲದಲ್ಲಿ ಗರಗಸ ಮಂಡಲದ ಹಾವು, ನಾಗರಹಾವು ಎರಡೂ ಇವೆ. ಮೊದಲು ಕೋಲು, ಆಮೇಲೆ ಟಾರ್ಚು, ಕೊನೆಗೆ ದೊಡ್ಡವರ ಕೈ.

ಡಬ್ಬಿಯಲ್ಲಿ ಕೀ ಚೈನು, ಗೋಲಿ, ಚಿಕ್ಕ ಗೊಂಬೆ ಇರುತ್ತವೆ. ಒಂದು ತೆಗೆದುಕೊಂಡರೆ ಅದರ ಬೆಲೆಯದೋ ಇನ್ನೂ ಒಳ್ಳೆಯದೋ ಒಂದನ್ನು ಬಿಡಬೇಕು. ಚಕ್ಕುಲಿ, ಚಾಕಲೇಟ್ ಇಟ್ಟರೆ ಇರುವೆ ಇಲಿ ಬರುತ್ತವೆ, ತಿನಿಸು ಬೇಡವೇ ಬೇಡ. ಲೋಹದ ಬಿಲ್ಲೆಯ ಮೇಲೆ ಅಕ್ಷರ, ಅಂಕಿ ಕೆತ್ತಿದ್ದರೆ ಅದು ಟ್ರಾವೆಲ್ ಬಗ್. ಒಬ್ಬರಿಂದ ಒಬ್ಬರ ಕೈಗೆ ಊರೂರು ಸುತ್ತಲು ಹೊರಟ ವಸ್ತು ಅದು. ತಂದರೆ ಇನ್ನೊಂದು ಡಬ್ಬಿಗೆ ಮುಟ್ಟಿಸಬೇಕು. ಇದನ್ನು ಮಗನಿಗೆ ಮನೆಯಲ್ಲೇ ಹೇಳಿಡಿ, ಅಲ್ಲಿ ಹೇಳಿದರೆ ಅಳು ಖಂಡಿತ.

ಯಾರಾದರೂ ಕೇಳಿದರೆ ನಿಜ ಹೇಳಿ. ಒಂದು ತೋಟದಲ್ಲಿ ಬೆಂಚಿನ ಕೆಳಗೆ ತಡಕಾಡುತ್ತಿದ್ದಾಗ ವಾಚ್‌ಮನ್ ಬಂದು ‘ಕಾಯ್ ಶೋಧತಾಯ್?’ (ಏನು ಹುಡುಕ್ತಿದ್ದೀರಿ?) ಎಂದ. ಮಗಳು ಫೋನ್ ತೋರಿಸಿ ತನಗೆ ಬಂದಷ್ಟು ಮರಾಠಿಯಲ್ಲಿ ವಿವರಿಸಿದಳು. ಆಮೇಲೆ ಅವನೂ ನಮ್ಮೊಂದಿಗೆ ಹುಡುಕಿದ.

ಪ್ರಶ್ನೆ: ಆ್ಯಪ್‌ನಿಂದ ಜಾಗದ ಅಂಕಿಯನ್ನು ನಕಲಿಸಿ ಬೇರೆ ನಕ್ಷೆಯಲ್ಲಿ ಹಾಕಿದರೆ ಎಲ್ಲೋ ದೂರದ ಜಾಗ ತೋರಿಸುತ್ತದೆ. ಕಂಪ್ಯೂಟರಿಗೆ ಜಿಸ್ಯಾಕ್ ಹಾಕಿಕೊಂಡರೆ ಸರಿಹೋಗುತ್ತದೆಯೇ?
— ಓದುಗರು, ಠಾಣೆ

ಉತ್ತರ: ಜಿಸ್ಯಾಕ್ ವಿಂಡೋಸ್‌ನಲ್ಲಿ ಸಾವಿರಾರು ಡಬ್ಬಿಗಳ ಪಟ್ಟಿ ಇಟ್ಟುಕೊಳ್ಳುವವರಿಗೆ. ನಿಮ್ಮ ತೊಂದರೆ ಅಂಕಿ ಓದುವುದರಲ್ಲಿದೆ. ಈ ಆಟದಲ್ಲಿ ಡಿಗ್ರಿ, ಆಮೇಲೆ ದಶಮಾಂಶದ ಮಿನಿಟು ಬರೆಯುತ್ತಾರೆ. 18 ಡಿಗ್ರಿ 31.500 ಮಿನಿಟು ಎಂದರೆ 31.5ನ್ನು 60ರಿಂದ ಭಾಗಿಸಬೇಕು, ಆಗ 18.525 ಡಿಗ್ರಿ ಆಗುತ್ತದೆ. ಅದನ್ನೇ 18.315 ಎಂದು ಬರೆದರೆ ಇಪ್ಪತ್ಮೂರು ಕಿಲೊಮೀಟರ್ ದಕ್ಷಿಣಕ್ಕೆ ಹೋಗಿ ನಿಲ್ಲುತ್ತೀರಿ. ಮಿನಿಟಿನ ಕೊನೆಯ ದಶಮಾಂಶ ಅಂಕಿ ಒಂದು ಹೆಚ್ಚುಕಡಿಮೆಯಾದರೆ ಎರಡು ಮೀಟರೂ ಆಗುವುದಿಲ್ಲ, ಅದಕ್ಕೆ ತಲೆಕೆಡಿಸಿಕೊಳ್ಳಬೇಡಿ. ಸಿ-ಜಿಯೋದಲ್ಲಿ ಅಂಕಿಯ ಮಾದರಿ ಬದಲಿಸಿ ನೋಡಬಹುದು.

ಪ್ರಶ್ನೆ: ವಾಸ್ಕೋದಲ್ಲಿದ್ದೇವೆ. ಹತ್ತು ಡಬ್ಬಿ ಹುಡುಕಿಯಾಯಿತು, ಈಗ ಮಕ್ಕಳಿಗೆ ತಮ್ಮದೇ ಒಂದು ಇಡುವಾಸೆ. ಎಲ್ಲಿ ಇಡಬಹುದು?
— ಓದುಗರು, ವಾಸ್ಕೋ

ಉತ್ತರ: ಎಲ್ಲಿ ಇಡಬಾರದೆಂದು ಮೊದಲು ತಿಳಿಯಿರಿ. ನಿಮ್ಮೂರಲ್ಲಿ ಬಂದರಿದೆ, ದಾಬೋಳಿಯಲ್ಲಿ ನೌಕಾಪಡೆಯ ವಾಯುನೆಲೆ ಹನ್ಸಾ ಇದೆ. ಇವುಗಳ ಬೇಲಿಯ ಸುತ್ತಮುತ್ತ, ರೈಲು ನಿಲ್ದಾಣ, ಬಸ್ ನಿಲ್ದಾಣ, ಗುಡಿ, ಚರ್ಚು, ಶಾಲೆ ಯಾವುದರ ಬಳಿಯೂ ಬೇಡ. 2010ರ ಫೆಬ್ರುವರಿ 13ರಂದು ಪುಣೆಯ ಜರ್ಮನ್ ಬೇಕರಿಯಲ್ಲಿ ಸಿಡಿದದ್ದು ಯಾರೋ ಬಿಟ್ಟುಹೋದ ಚೀಲ. ವಾರಸುದಾರರಿಲ್ಲದ ಡಬ್ಬಿ ಕಂಡರೆ ಜನ ಹೆದರುವುದು ಸಹಜ, ಹೆದರಬೇಕು ಕೂಡ. ಒಳಗಿನದು ಕಾಣುವ ಪಾರದರ್ಶಕ ಡಬ್ಬಿಯನ್ನೇ ಆರಿಸಿ. ಇದು ಆಟದ ಡಬ್ಬಿ ಎಂದು ಇಂಗ್ಲಿಷ್, ಕೊಂಕಣಿ ಎರಡರಲ್ಲೂ ಹೊರಗೆ ಬರೆಯಿರಿ.

ಹಳೆ ಗೋವೆಯ ಚರ್ಚುಗಳಂಥ ಸಂರಕ್ಷಿತ ಸ್ಮಾರಕದ ಕಲ್ಲಿನ ಸಂದಿಗೆ ಏನನ್ನೂ ತುರುಕಬೇಡಿ. ಜಾಗದ ಒಡೆಯರ ಸ್ಪಷ್ಟ ಒಪ್ಪಿಗೆಯಿಲ್ಲದೆ ನೆಲ ಅಗೆಯಲು ಆಟದ ನಿಯಮವೇ ಬಿಡುವುದಿಲ್ಲ. ಮೊರ್ಜಿ, ಗಾಲ್ಜಿಬಾಗದ ಮರಳಿನಲ್ಲಂತೂ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆ ಇಡುತ್ತವೆ. ಇನ್ನೊಂದು ಡಬ್ಬಿಯಿಂದ 161 ಮೀಟರ್ ದೂರವಿರಬೇಕು, ಜಾಗದ ಒಡೆಯರ ಒಪ್ಪಿಗೆ ಬೇಕು, ಪ್ರಕಟವಾಗುವ ಮೊದಲು ಆಟದ ಪರಿಶೀಲಕರು ನೋಡುತ್ತಾರೆ.

ನನ್ನನ್ನು ಕೇಳಿದರೆ ಪರಿಚಯದ ಅಂಗಡಿಯವರ ಅಥವಾ ಗೆಳೆಯರ ಅಂಗಳವೇ ಮೇಲು. ಗೋವೆಯಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ. ನಾಲ್ಕೂ ಕಡೆ ಕೊಂಡಿ ಬೀಳುವ, ರಬ್ಬರ್ ಅಂಚಿನ ಡಬ್ಬಿ ತನ್ನಿ. ಬರೆಯುವ ಪುಸ್ತಕವನ್ನು ಜಿಪ್ ಚೀಲದಲ್ಲಿಟ್ಟು, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಪೆನ್ನಿನ ಶಾಯಿ ಹರಡುತ್ತದೆ, ಪೆನ್ಸಿಲ್ ಇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹದಿನೈದು ದಿನಕ್ಕೊಮ್ಮೆ ಹೋಗಿ ಡಬ್ಬಿ ತೆರೆದು ಒರೆಸಿ ಬರುವ ಪಾಳಿ ಮಕ್ಕಳದೇ ಆಗಲಿ.