ಮಂಡಿಪೇಟೆಯ ಹಳೇ ಮಳಿಗೆಯಲ್ಲಿ ಕೋ-ವರ್ಕಿಂಗ್ ಆಫೀಸ್ ನಡೆಯುತ್ತಾ?

ದಾವಣಗೆರೆ ಮಂಡಿಪೇಟೆಯಲ್ಲಿ ಅಜ್ಜನ ಕಾಲದ ಮಳಿಗೆಗೆ ಬೀಗ ಬಿದ್ದಿದೆ, ಕೋ-ವರ್ಕಿಂಗ್ ಆಫೀಸ್ (ಬೇರೆ ಬೇರೆ ಕೆಲಸದವರು ಟೇಬಲ್ ಬಾಡಿಗೆಗೆ ಹಿಡಿದು ಕೂರುವ ಜಾಗ) ಮಾಡಬಹುದಾ ಅಂತ ಕೇಳಿದ್ದೀರಿ. ಮಾಡಬಹುದು. ಆದರೆ ನೀವು ಅಂದುಕೊಂಡ ಗಿರಾಕಿಗಳು ಬರುವುದಿಲ್ಲ.

ಚೌಕಿಪೇಟೆಯಲ್ಲಿ ನಮ್ಮ ದೊಡ್ಡಪ್ಪ ಬಟ್ಟೆ ಅಂಗಡಿ ಮುಚ್ಚಿದ ಮೇಲೆ ಅದರ ಮಹಡಿಯನ್ನು ನಾನೂ ಹೀಗೇ ಮಾಡಿದೆ. ಹನ್ನೆರಡು ಟೇಬಲ್. ಬೆಂಗಳೂರಿನ ಕಂಪನಿಗೆ ಮನೆಯಿಂದ ಕೆಲಸ ಮಾಡುವ ಹುಡುಗರು ಬರುತ್ತಾರೆ ಅಂತ ಬೀನ್ ಬ್ಯಾಗ್, ಕಾಫಿ ಮಷೀನ್ ಎಲ್ಲ ತಂದೆ. ಬಂದವರು ಇಬ್ಬರು. ಮನೆಯಲ್ಲೇ ವೈಫೈ ಇರುವಾಗ, ಬೈಕ್ ನಿಲ್ಲಿಸಲೂ ಜಾಗವಿಲ್ಲದ ಪೇಟೆಗೆ ಯಾಕೆ ಬರುತ್ತಾರೆ, ಅಲ್ವಾ? ಟೇಬಲ್ ಹಿಡಿದವರು ಬೇರೆಯೇ ಜನ. ಜಿಎಸ್‌ಟಿ ಲೆಕ್ಕ ಬರೆಯುವವರು, ಇನ್ಶೂರೆನ್ಸ್ ಏಜೆಂಟರು, ಮನೆ ಪ್ಲಾನ್ ಹಾಕುವ ಒಬ್ಬ ಹುಡುಗಿ. ಅವರ ಪಾರ್ಟಿಗಳೆಲ್ಲ ಪೇಟೆಯ ಅಂಗಡಿಯವರೇ. ಅವರು ಕೇಳಿದ್ದು ಹೊರಗೆ ಒಂದು ಬೋರ್ಡು, ಬೀಗವಿರುವ ಬೀರು, ದುಡ್ಡಿನ ಮಾತಾಡಲು ಬಾಗಿಲು ಹಾಕಿಕೊಳ್ಳುವಂಥ ಒಂದು ರೂಮು. ಅಷ್ಟೇ. ಚಹಾ ಎದುರಿನ ಅಂಗಡಿಯಿಂದ ಬರುತ್ತದೆ.

ಇನ್ನೊಂದು ಬೇಕಿತ್ತು, ವಿಳಾಸ. ನಾನು ಸಿಕ್ಕಿಹಾಕಿಕೊಂಡಿದ್ದು ಇಲ್ಲೇ. ಬಾಡಿಗೆ ಜಾಗದಲ್ಲಿ ಜಿಎಸ್‌ಟಿ ನೋಂದಣಿ ಮಾಡಿಸಲು ಕರಾರಿನ ಜೊತೆ ಮಾಲೀಕರ ಕರೆಂಟ್ ಬಿಲ್ಲೋ ಕಂದಾಯದ ರಸೀದಿಯೋ ಕೊಡಬೇಕು. ನಮ್ಮಲ್ಲಿ ಬೆಸ್ಕಾಂ ಮೀಟರು, ಪಾಲಿಕೆಯ ಆಸ್ತಿ ಖಾತೆ ಎರಡೂ ತೀರಿಹೋದ ಅಜ್ಜನ ಹೆಸರಲ್ಲೇ ಇದ್ದವು! ಬದಲಾಯಿಸಲು ಅಜ್ಜನ ವಾರಸುದಾರರೆಲ್ಲರ ಸಹಿ ಬೇಕು. ಒಬ್ಬರು ಹುಬ್ಬಳ್ಳಿಯಲ್ಲಿ, ಇನ್ನೊಬ್ಬರು ದೊಡ್ಡಪ್ಪನ ಜೊತೆ ಮಾತು ಬಿಟ್ಟವರು. ನಾಲ್ಕು ತಿಂಗಳು ಸುಮ್ನೆ ಹೋಯಿತು. ನಿಮ್ಮದೂ ಅಜ್ಜನ ಮಳಿಗೆ ಅಂದಿರಿ. ಬಣ್ಣ ಹೊಡೆಸುವ ಮೊದಲು ಖಾತೆ ತೆಗೆದು ನೋಡಿ.

ಟೇಬಲ್ ಕರಾರು 11 ತಿಂಗಳಿಗೇ ಮಾಡಿಕೊಳ್ಳಿ. ವರ್ಷ ಮೀರಿದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಕಡ್ಡಾಯ.

ಕಟ್ಟಡದ ವಿಷಯ. ನಮ್ಮ ಪೇಟೆ ಮಳಿಗೆಗಳು ರೈಲು ಡಬ್ಬಿ ತರ ಉದ್ದಕ್ಕಿರುತ್ತವೆ, ಅಕ್ಕಪಕ್ಕದ ಗೋಡೆಗಳು ಅಂಟಿಕೊಂಡಿರುತ್ತವೆ. ಹಿಂದಿನ ಅರ್ಧಕ್ಕೆ ಗಾಳಿ ಬೆಳಕು ಕಡಿಮೆ. ಮುಂದೆ ಟೇಬಲ್, ಹಿಂದೆ ಬೀರು ಹಾಕಿ. ಸಿಂಗಲ್ ಫೇಸ್ ಮೀಟರಿಗೆ ಎರಡು ಎಸಿ ಹಾಕಿ ಏಪ್ರಿಲ್ ಪೂರ್ತಿ ಟ್ರಿಪ್ ಆಗುವುದನ್ನು ನೋಡಿದ್ದೇನೆ. ಮೀಟರಿನ ಲೋಡ್, ಅಂದರೆ ಎಷ್ಟು ಕರೆಂಟ್ ಎಳೆಯಬಹುದು ಅನ್ನುವ ಮಿತಿ, ಮೊದಲೇ ಜಾಸ್ತಿ ಮಾಡಿಸಿ.

ಟಾಯ್ಲೆಟ್ ಮರೆಯಬೇಡಿ. ಮನೆ ಪ್ಲಾನ್ ಹಾಕುವ ಆ ಹುಡುಗಿ ಮೊದಲ ದಿನ ಬಂದು ಹಿತ್ತಲಿನದನ್ನು ಇಣುಕಿ ನೋಡಿ, ಏನೂ ಹೇಳದೆ ವಾಪಸ್ ಹೋಗಿದ್ದಳು. ಒಳಗೆ ಹೊಸದು ಕಟ್ಟಿಸಿ ಫೋನ್ ಮಾಡಿದ ಮೇಲೇ ಟೇಬಲ್ ಹಿಡಿದದ್ದು.

ಬೀನ್ ಬ್ಯಾಗ್ ಎರಡೂ ಹೊಸದರಂತೆ ಇವೆ. ಬೇಕಿದ್ದರೆ ಹೇಳಿ.