ಹೃದಯ, ಮೂತ್ರಪಿಂಡ ಮತ್ತು ನೋವಿನ ಮಾತ್ರೆ

ಪ್ರಶ್ನೆ: ತಂದೆಗೆ ಹೃದಯಾಘಾತವಾಗಿತ್ತು. ಈಗ ಮೂತ್ರಪಿಂಡದ ಕೆಲಸ ತೋರಿಸುವ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ 1.8, ಅಂದರೆ ಹೆಚ್ಚು. ಹೃದಯ, ಮೂತ್ರಪಿಂಡ ಎರಡರ ತೊಂದರೆಗೂ ಉರಿಯೂತದ ನಂಟಿದೆಯಂತೆ. ಹಾಗಾದರೆ ಉರಿಯೂತ ತಗ್ಗಿಸುವ ನೋವಿನ ಮಾತ್ರೆ ಡೈಕ್ಲೋಫೆನಾಕ್ ಕೊಡಬಹುದೇ?

ಉತ್ತರ: ಖಂಡಿತ ಬೇಡ. ಅದು ಮೂತ್ರಪಿಂಡಕ್ಕೆ ಹರಿಯುವ ರಕ್ತವನ್ನೇ ತಗ್ಗಿಸುತ್ತದೆ. ಉಪ್ಪು, ನೀರು ಮೈಯಲ್ಲೇ ಉಳಿದು ಹೃದಯಕ್ಕೂ ಹೊರೆ. ಐಬುಪ್ರೊಫೆನ್ ಕಥೆಯೂ ಅಷ್ಟೇ. ವೈದ್ಯರು ಬರೆದುಕೊಟ್ಟ 75 ಮಿ.ಗ್ರಾಂ. ಆಸ್ಪಿರಿನ್ ಮಾತ್ರ ಬೇರೆ ಲೆಕ್ಕ, ನಿಲ್ಲಿಸಬೇಡಿ.

ಈ ಉರಿಯೂತ ಮಂಡಿಯ ಬಾವಿನಂತೆ ಕಣ್ಣಿಗೆ ಕಾಣುವುದಿಲ್ಲ. ಸೋತ ಮೂತ್ರಪಿಂಡ ಹೊರಹಾಕದೆ ಬಿಟ್ಟ ಕಲ್ಮಶಗಳು ರೋಗನಿರೋಧಕ ಕಣಗಳನ್ನು ಕೆರಳಿಸುತ್ತವೆ. ಅವು ಸ್ರವಿಸುವ ಇಂಟರ್‌ಲ್ಯೂಕಿನ್-6ನಂಥ ವಸ್ತುಗಳು ರಕ್ತನಾಳದ ಒಳಪದರವನ್ನು ಕೆಡಿಸುತ್ತವೆ, ಹೃದಯದ ಸ್ನಾಯು ಬಿಗಿಯಾಗಲು ದಾರಿಮಾಡುತ್ತವೆ. ಹೃದಯ ಸೋತರೆ ರಕ್ತನಾಳಗಳಲ್ಲಿ ಒತ್ತಡ ಹಿಮ್ಮುಖವಾಗಿ ಏರಿ ಮತ್ತೆ ಮೂತ್ರಪಿಂಡಕ್ಕೇ ಪೆಟ್ಟು.

ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿದೆಯೇ ಎಂದು ತೋರಿಸುವ ಆಲ್ಬುಮಿನ್-ಕ್ರಿಯಾಟಿನಿನ್ ಅನುಪಾತ ಪರೀಕ್ಷಿಸಿ, ಗ್ರಾಂಗೆ 30 ಮಿ.ಗ್ರಾಂ. ದಾಟಬಾರದು. ಉರಿಯೂತ ಅಳೆಯುವ ರಕ್ತಪರೀಕ್ಷೆಯಾದ ಸಿಆರ್‌ಪಿಯನ್ನು ನೆಗಡಿ, ಜ್ವರ ಇದ್ದಾಗ ಮಾಡಿಸಿದರೆ ದುಡ್ಡು ದಂಡ, ಆಗ ಅದು ಹೇಗೂ ಏರಿರಬಹುದು.